ಹೊಸ್ತಿಲು ದಾಟಿದವರು

“ನನಗೀಗ 68. ಹಾಸನದಲ್ಲಿ ಮಗನ ಮನೆಯಲ್ಲಿದ್ದೇನೆ. ಎರಡೂವರೆ ವರ್ಷದ ಮೊಮ್ಮಗಳು ಎಲ್ಲದಕ್ಕೂ ‘ನಾನೇ, ನಾನೇ’ ಅನ್ನುತ್ತಾಳೆ. ಅರ್ಧ ಅನ್ನ ನೆಲಕ್ಕೆ. ಸೊಸೆಗೆ ಆಫೀಸಿಗೆ ಹೊತ್ತಾಗುತ್ತದೆ, ಮೊಬೈಲ್ ತೋರಿಸಿ ತಿನ್ನಿಸಿಬಿಡುತ್ತಾಳೆ. ನಾವೆಲ್ಲ ಆರನೇ ವಯಸ್ಸಿಗೇ ಒಬ್ಬರೇ ಸ್ಕೂಲಿಗೆ ನಡೆದು ಹೋಗುತ್ತಿದ್ದೆವು. ಈಗಿನ ಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲುವುದು ಯಾವಾಗ? ಇನ್ನೊಂದು ಮಾತು. ಅರಸೀಕೆರೆಯ ತಂಗಿ ಮನೆಗೆ ಬಸ್ಸಲ್ಲಿ ಹೋಗಿಬರುತ್ತೇನೆ ಅಂದರೆ ಮಗ ಬಿಡುವುದಿಲ್ಲ. ‘ಭಾನುವಾರ ಕಾರಲ್ಲಿ ಕರ್ಕೊಂಡು ಹೋಗ್ತೀನಿ’ ಅನ್ನುತ್ತಾನೆ. ಆ ಭಾನುವಾರ ಇನ್ನೂ ಬಂದಿಲ್ಲ.”
– ಒಬ್ಬ ಓದುಗರು, ಹಾಸನ

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರದ ತುಂಬ ಮೊಮ್ಮಗಳೇ ಇದ್ದಾಳೆ. ನಿಮ್ಮ ವಿಷಯ ಕೊನೆಯಲ್ಲಿ ‘ಇನ್ನೊಂದು ಮಾತು’ ಅಂತ ಬಂದಿದೆ. ಆದರೆ ಇಬ್ಬರೂ ಕೇಳುತ್ತಿರುವುದು ಒಂದೇ ಅಲ್ವಾ? ಅವಳು ಚಮಚ ಕೇಳುತ್ತಿದ್ದಾಳೆ, ನೀವು ಬಸ್ಸು.

ಮೊದಲು ಚಮಚದ ವಿಚಾರ. ಎರಿಕ್ ಎರಿಕ್‌ಸನ್ ಅಂತ ಒಬ್ಬ ಮನೋವಿಜ್ಞಾನಿ ಇದ್ದರು. ಹುಟ್ಟಿನಿಂದ ಮುಪ್ಪಿನವರೆಗಿನ ಬದುಕನ್ನು 1950ರಲ್ಲಿ ಎಂಟು ಹಂತವಾಗಿ ವಿವರಿಸಿದರು. ಅದರಲ್ಲಿ ಎರಡನೆಯದೇ ಈ ‘ನಾನೇ’ ವಯಸ್ಸು, ಸುಮಾರು ಒಂದೂವರೆಯಿಂದ ಮೂರು ವರ್ಷ. ಈಗ ಮಗುವಿಗೆ ತನ್ನ ಕೈಲಿ ಆಗುತ್ತದೆ ಅನ್ನುವ ಧೈರ್ಯ ಬರಬೇಕು. ಪ್ರತಿ ಸಲ ಬೈದು ಕಿತ್ತುಕೊಂಡರೆ ನಾಚಿಕೆ, ಅನುಮಾನ ಬೇರು ಬಿಡುತ್ತವೆ ಅಂದರು ಅವರು. ಹಾಗಂತ ಸೊಸೆಯನ್ನು ದೂರಬೇಡಿ. ಬೆಳಿಗ್ಗೆ ಎಂಟೂವರೆಗೆ ಯಾರಿಗೂ ತಾಳ್ಮೆ ಇರುವುದಿಲ್ಲ. ಬೆಳಗಿನ ತುತ್ತು ಅಮ್ಮನದೇ ಆಗಲಿ. ರಾತ್ರಿ ಊಟಕ್ಕೆ ನೆಲದ ಮೇಲೆ ಹಳೆ ಪೇಪರ್ ಹಾಸಿ, ಎದುರಿಗೆ ನೀವು ಕೂತುಕೊಳ್ಳಿ. ಚೆಲ್ಲಿದರೆ ಚೆಲ್ಲಲಿ. ಮೊಬೈಲ್ ಮಾತ್ರ ಬೇಡ. ಅದನ್ನು ನೋಡುತ್ತಾ ತಿನ್ನುವ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ.

ಸದಾ ಎತ್ತಿಕೊಂಡರೆ, ಅತ್ತ ತಕ್ಷಣ ಓಡಿದರೆ ಮಗು ಕೆಟ್ಟುಹೋಗುತ್ತದೆ ಅನ್ನುವವರು ನಿಮ್ಮ ಬೀದಿಯಲ್ಲೂ ಇರಬಹುದು. ಮೇರಿ ಐನ್ಸ್‌ವರ್ತ್ ಅನ್ನುವ ಮನೋವಿಜ್ಞಾನಿ 1950ರ ದಶಕದಲ್ಲಿ ಉಗಾಂಡದ ಕಂಪಾಲ ಸುತ್ತಲಿನ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೆ ಮನೆಗೆ ಹೋಗಿ ತಾಯಿ ಮಗುವನ್ನು ನೋಡುತ್ತಾ ಕೂತರು. ಬಾಲ್ಟಿಮೋರ್‌ನಲ್ಲಿ ಕಂಡದ್ದನ್ನು 1972ರಲ್ಲಿ ಸಹೋದ್ಯೋಗಿಯ ಜೊತೆ ಬರೆದರು. ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಬಂದು ಎತ್ತಿಕೊಂಡ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು. ತಾಯಿಯ ಮೇಲೆ ಭರವಸೆ ಇದ್ದ ಮಗುವೇ ಅವಳ ಮಡಿಲಿನಿಂದ ಇಳಿದು ಆಟದ ಸಾಮಾನಿನ ಕಡೆ ಹೋಗುತ್ತಿತ್ತು. ನಡುನಡುವೆ ತಿರುಗಿ, ಅಮ್ಮ ಅಲ್ಲೇ ಇದ್ದಾಳಾ ಅಂತ ನೋಡುತ್ತಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಮಗು ಮೊದಲ ಸಲ ಹೊಸ್ತಿಲು ದಾಟಿದರೆ ಸಿಹಿ ಮಾಡುತ್ತಾರೆ. ಅಂಬೆಗಾಲಲ್ಲಿ ಆಚೆ ಹೋದ ಮಗುವೂ ಹಾಗೇ ಒಮ್ಮೆ ಹಿಂದೆ ನೋಡುತ್ತದೆ, ಗಮನಿಸಿದ್ದೀರಾ?

ಇನ್ನು ನೀವು ‘ಒಬ್ಬರೇ’ ಸ್ಕೂಲಿಗೆ ಹೋದ ಕಥೆ. ಕ್ಷಮಿಸಿ, ನನಗೆ ಪೂರ್ತಿ ನಂಬಿಕೆ ಬರುತ್ತಿಲ್ಲ! ಪಕ್ಕದ ಮನೆ ಅಕ್ಕ ಜೊತೆಗಿರಲಿಲ್ಲವೇ? ದಾರಿ ತಪ್ಪಿ ಕೆರೆ ಕಡೆ ಹೊರಟರೆ, “ಯಾರ ಮಗಳೇ ನೀನು?” ಅಂತ ಕೇಳುವವರು ಜಗುಲಿ ಮೇಲೆ ಕೂತಿರಲಿಲ್ಲವೇ? ನಿಮ್ಮನ್ನು ಇಡೀ ಬೀದಿ ಕಾಯುತ್ತಿತ್ತು. ಈಗ ಆ ಕೆಲಸವೆಲ್ಲ ಇಬ್ಬರ ತಲೆಗೆ ಬಿದ್ದಿದೆ, ಬೀದಿಯಲ್ಲಿ ಬೈಕ್ ಜಾಸ್ತಿ. ಅಪ್ಪ ಅಮ್ಮ ಹೆದರುವುದು ಸುಮ್ನೆ ಅಲ್ಲ. ಹದಿಹರೆಯದ ತಲೆನೋವುಗಳನ್ನು ಈಗ ಎತ್ತುವುದಿಲ್ಲ. ನಿಮ್ಮ ಮೊಮ್ಮಗಳಿಗೆ ಅದಕ್ಕೆ ಇನ್ನೂ ಹತ್ತು ವರ್ಷವಿದೆ.

ಈಗ ನಿಮ್ಮ ಬಸ್ಸಿನ ಮಾತು. 1976ರಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬಿಬ್ಬರು ಮನೋವಿಜ್ಞಾನಿಗಳು ಅಮೆರಿಕದ ಒಂದು ವೃದ್ಧಾಶ್ರಮದ ಪ್ರಯೋಗದ ಬಗ್ಗೆ ಬರೆದರು. ಒಂದು ಮಹಡಿಯವರಿಗೆ, “ನಿಮ್ಮ ಕೋಣೆ, ನಿಮ್ಮ ಸಮಯ, ಎಲ್ಲ ನಿಮ್ಮ ಇಷ್ಟ. ಬೇಕಾದ ಗಿಡ ಆರಿಸಿಕೊಳ್ಳಿ, ನೀವೇ ನೋಡಿಕೊಳ್ಳಿ” ಎಂಬರ್ಥದ ಮಾತು ಹೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್ ಕೆಲಸ. ಮೂರು ವಾರದ ನಂತರ ನೋಡಿದರೆ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಖುಷಿಯಾಗಿದ್ದರು. ಎರಡನೇ ಮಹಡಿಯಲ್ಲಿ ಪ್ರೀತಿಗೇನೂ ಕೊರತೆ ಇರಲಿಲ್ಲ, ನೋಡಿ. ನಿಮ್ಮ ಮಗನದ್ದೂ ಅಂಥದ್ದೇ ಪ್ರೀತಿ.

ಮಗನನ್ನು ನಾನು ಬೈಯಲಾರೆ. ನಾನೂ ಇದನ್ನೇ ಮಾಡಿದವನು. ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದಾಗ ಬ್ಯಾಂಕಿನ ಪಾಸ್‌ಬುಕ್ ಇಸ್ಕೊಂಡು, “ಇನ್ಮೇಲೆ ನೀವು ಓಡಾಡಬೇಡಿ” ಅಂದೆ. ಕಣ್ಣು ಸರಿಯಾಯಿತು, ಪಾಸ್‌ಬುಕ್ ನನ್ನ ಹತ್ತಿರವೇ ಉಳಿಯಿತು. ಬ್ಯಾಂಕಿನ ದಾರಿಯಲ್ಲೇ ಅವರ ಗೆಳೆಯರ ದರ್ಜಿ ಅಂಗಡಿ ಇತ್ತು. ಪಾಸ್‌ಬುಕ್ ಹೋದ ಮೇಲೆ ಅಂಗಡಿಯೂ ಹೋಯಿತು, ಅಲ್ಲಿನ ಕಾಫಿ, ರಾಜಕೀಯ ಎಲ್ಲ ಹೋಯಿತು. ಆರು ತಿಂಗಳಾದ ಮೇಲೆ ಒಂದು ದಿನ ಅಪ್ಪ ಮೆಲ್ಲಗೆ ಕೇಳಿದರು, “ನನ್ನ ಪಾಸ್‌ಬುಕ್ ಕಳೆದುಹೋಯ್ತೇನೋ?” ನನಗೆ ಉತ್ತರ ಹೊಳೆಯಲಿಲ್ಲ.

ಮಗನ ಹತ್ತಿರ ಜಗಳ ಬೇಡ. ಭಾನುವಾರ ಕಾರಲ್ಲಿ ಅರಸೀಕೆರೆವರೆಗೆ ಬೇಡಪ್ಪ, ಬುಧವಾರ ಬಸ್‌ಸ್ಟ್ಯಾಂಡ್ ತನಕ ಬಿಡು ಸಾಕು ಅನ್ನಿ. ತಲುಪಿದ ಕೂಡಲೇ ಫೋನ್ ಮಾಡುತ್ತೇನೆ ಅಂತ ಮಾತು ಕೊಡಿ, ಮಾಡಿ ಕೂಡ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಆರ್ಡಿನರಿ ಬಸ್ಸಿಗೆ ದುಡ್ಡಿಗಾಗಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆಧಾರ್ ಕಾರ್ಡ್ ಮಾತ್ರ ಮರೆಯಬೇಡಿ, ಕಂಡಕ್ಟರ್ ಕೇಳುತ್ತಾರೆ. ಮೊಮ್ಮಗಳು ಬಾಗಿಲಲ್ಲಿ ನಿಂತು ‘ನಾನೂ’ ಅಂತ ಹಟ ಮಾಡಿದರೆ ಏನು ಮಾಡಬೇಕು ಅನ್ನುವುದು ಮಾತ್ರ ನಿಮಗೇ ಬಿಟ್ಟದ್ದು.

– ಸಂಪಾದಕ