ಬಾಗಲಕೋಟೆಯ ಆಕ್ಸೆಸ್ ಸಾಫ್ಟ್‌ವೇರನ್ನು ಇಳಕಲ್‌ನಿಂದ ಬಳಸೋದು ಹೇಗೆ?

ನಿಮ್ಮ ಸೀರೆ ಅಂಗಡಿಯ ಸ್ಟಾಕು, ಉದ್ರಿ ಲೆಕ್ಕ ಎಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿದೆ, ಫೈಲ್ ಇರೋದು ಬಾಗಲಕೋಟೆಯಲ್ಲಿ, ಇಳಕಲ್ ಶಾಖೆಯವರು ವಿಪಿಎನ್ (ಇಂಟರ್ನೆಟ್ ಮೇಲೆ ಎರಡೂ ಕಡೆ ಸೇರಿಸುವ ಖಾಸಗಿ ದಾರಿ) ಹಾಕಿಕೊಂಡು ಶೇರ್ ಫೋಲ್ಡರಿನಿಂದ ಅದನ್ನು ತೆರೆಯುತ್ತಾರೆ, ಒಂದು ಬಿಲ್ ಬರೋಕೆ ಎರಡು ನಿಮಿಷ, ಮೇಲಿಂದ ಮೇಲೆ ಫೈಲ್ ಕೆಡುತ್ತೆ. ಇನ್ನೂ ಜಾಸ್ತಿ ಸ್ಪೀಡಿನ ನೆಟ್ ಹಾಕಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ಬಾಗಲಕೋಟೆಯ ಮಷಿನ್ ಫೈಲನ್ನು ಇಟ್ಟುಕೊಂಡಿರುತ್ತೆ, ಅಷ್ಟೇ. ಹುಡುಕುವುದು, ಕೂಡಿಸುವುದು, ಬರೆಯುವುದು ಎಲ್ಲ ಇಳಕಲ್‌ನ ಕಂಪ್ಯೂಟರಿನ ಕೆಲಸ. ಅದಕ್ಕೆ ಟೇಬಲ್ಲಿನ, ಇಂಡೆಕ್ಸಿನ ತುಂಡುಗಳು ಲೈನ್ ಮೇಲೆ ಸಾವಿರಾರು ಸಲ ಹೋಗಿ ಬರಬೇಕು, ಒಂದೊಂದು ಸಲಕ್ಕೂ ಚೂರು ತಡ. ನೆಟ್ ಎಷ್ಟೇ ದೊಡ್ಡದಿದ್ದರೂ ಈ ತಡ ಹೋಗಲ್ಲ. ಬರೆಯುತ್ತಿರುವಾಗ ಲೈನ್ ಕಡಿದರಂತೂ ಅರ್ಧ ಬರೆದ ಫೈಲ್ ಉಳಿಯುತ್ತೆ.

ಇದನ್ನು ನಾನು ಅನುಭವಿಸಿದ್ದೇನೆ. ವಿಜಯಪುರದಲ್ಲಿ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ, ಅವರದೊಂದು ಸಣ್ಣ ಆಫೀಸು ತಿಕೋಟಾದಲ್ಲಿದೆ. ಏಪ್ರಿಲ್‌ನಲ್ಲಿ ಮಾಲು ತುಂಬಿದ ಗಾಡಿ ಸಾಲಾಗಿ ನಿಂತಿರುವಾಗಲೇ 'ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್' ಅಂತ ಬರೋದು. "ಸರ್, ಮತ್ತ ನಿಂತೈತ್ರಿ" ಅಂತ ಫೋನು. ರೈತರು ಬಿಸಿಲಲ್ಲಿ ಚೀಟಿಗೆ ಕಾಯುತ್ತಿದ್ದಾರೆ ಅಂತ ಗೊತ್ತಿದ್ದೂ ನಾನಿಲ್ಲಿ ರಿಪೇರಿ ಮಾಡುತ್ತಾ ಕೂತಿರಬೇಕಿತ್ತು. ಆಗಿನ ಸಂಕಟ ಈಗಲೂ ನೆನಪಿದೆ.

ಸರಿಹೋಗಿದ್ದು ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ಅಂದರೆ ದೂರದ ಸರ್ವರ್‌ನಲ್ಲಿ ಕೂತು ಕೆಲಸ ಮಾಡಿದ ಹಾಗೆ ಮಾಡಿಕೊಡುವ ವಿಂಡೋಸ್ ಸೇವೆ ಹಾಕಿದ ಮೇಲೆ. ವಿಜಯಪುರದಲ್ಲೇ ಒಂದು ವಿಂಡೋಸ್ ಸರ್ವರ್, ಆಕ್ಸೆಸ್ ಓಡೋದೂ ಅದರಲ್ಲೇ, ಡೇಟಾ ಇರೋದೂ ಅದರ ಡಿಸ್ಕಿನಲ್ಲೇ. ಲೈನ್ ಮೇಲೆ ಓಡಾಡೋದು ಪರದೆಯ ಚಿತ್ರ, ಕೀಬೋರ್ಡ್ ಮತ್ತು ಮೌಸ್ ಮಾತ್ರ. ಹಾಕಿದ ಮೂರನೇ ದಿನ ತಿಕೋಟಾದ ಹುಡುಗ 240 ಬಾಕ್ಸ್ ಅಂತ ಹೊಡೆಯುವಾಗ 24ಕ್ಕೆ ನೆಟ್ ಹೋಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಸೇರಿಕೊಂಡ. ಅದೇ ಫಾರ್ಮು, ಅದೇ 24, ಪಕ್ಕದಲ್ಲಿ ಕರ್ಸರ್ ಮಿನುಗುತ್ತಿದೆ. ಸೊನ್ನೆ ಒತ್ತಿ ಮುಂದೆ ಹೋದ. ನೆಟ್ ಹೋದರೂ ಸರ್ವರ್‌ನಲ್ಲಿ ಅವನ ಸೆಷನ್ ಹಾಗೇ ತೆರೆದಿತ್ತು, ಅದಕ್ಕೆ.

ಮಾಡುವಾಗ ಕೆಲವು ವಿಷಯ ಗಮನ ಇಡಿ. ಮೊದಲು ಫೈಲನ್ನು ಎರಡು ಭಾಗ ಮಾಡಿ: ಟೇಬಲ್‌ಗಳು ಒಂದರಲ್ಲಿ, ಫಾರ್ಮು ರಿಪೋರ್ಟು ಇನ್ನೊಂದರಲ್ಲಿ. ಫಾರ್ಮಿನ ಫೈಲ್ ಪ್ರತಿಯೊಬ್ಬರಿಗೂ ಅವರದೇ ಫೋಲ್ಡರಿನಲ್ಲಿ ಬೇರೆ ಬೇರೆ ಕಾಪಿ ಇರಲಿ. ಎಲ್ಲರೂ ಒಂದೇ ಸರ್ವರ್‌ನಲ್ಲಿದ್ದಾರಲ್ಲ, ಒಂದೇ ಕಾಪಿ ಸಾಕು ಅಂತ ಸುಮ್ನೆ ಬಿಟ್ಟರೆ ಮತ್ತೆ ಫೈಲ್ ಕೆಡುತ್ತೆ, ನಾನು ಮೊದಲ ವಾರ ಮಾಡಿದ ತಪ್ಪು ಇದೇ.

ಸರ್ವರ್ ಬದಲು ವಿಂಡೋಸ್ 11 ಪ್ರೊ ಇರುವ ಮಾಮೂಲಿ ಕಂಪ್ಯೂಟರ್ ನಡೆಯಲ್ಲ, ಅದರಲ್ಲಿ ಒಂದು ಹೊತ್ತಿಗೆ ಒಬ್ಬರೇ. ಇದನ್ನು ತಪ್ಪಿಸೋಕೆ ಪ್ಯಾಚ್ ಹಾಕಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ, ದಯವಿಟ್ಟು ಬೇಡ. ಅದು ಲೈಸೆನ್ಸಿಗೆ ವಿರುದ್ಧ, ಅಪ್‌ಡೇಟ್ ಬಂದ ದಿನ ಕೈಕೊಡುತ್ತೆ. ಸರ್ವರ್‌ಗೆ ಬಳಸುವವರ ಇಲ್ಲವೇ ಬಳಸುವ ಕಂಪ್ಯೂಟರ್‌ಗಳ ಲೆಕ್ಕದಲ್ಲಿ ಲೈಸೆನ್ಸ್ ಬೇಕು. ಮೊದಲ 120 ದಿನ ಅದಿಲ್ಲದೆಯೂ ನಡೆಯುತ್ತೆ, ಆಮೇಲೆ ಒಳಗೆ ಬಿಡಲ್ಲ. ಖರ್ಚು ಉಳಿಯೋದು ಆಕ್ಸೆಸ್‌ನಲ್ಲಿ: ಎಂಟ್ರಿ ಮಾಡುವವರಿಗೆ ಉಚಿತವಾಗಿ ಸಿಗುವ ಆಕ್ಸೆಸ್ ರನ್‌ಟೈಮ್ (ಮಾಡಿಟ್ಟ ಫಾರ್ಮು ಓಡಿಸೋಕೆ ಮಾತ್ರ ಬರುವ ಆಕ್ಸೆಸ್) ಸಾಕು.

ವಿಪಿಎನ್ ತೆಗೆಯಬೇಡಿ. ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಇಂಟರ್ನೆಟ್‌ಗೆ ನೇರ ತೆರೆದಿಡೋದು ಬಾಗಿಲು ತೆಗೆದು ಊರಿಗೆ ಹೋದ ಹಾಗೆ. 2019ರಲ್ಲಿ ಬ್ಲೂಕೀಪ್ ಅನ್ನುವ ದೋಷ ಸಿಕ್ಕಿದ್ದು ಹಳೆಯ ವಿಂಡೋಸ್‌ಗಳ ಇದೇ ಸೇವೆಯಲ್ಲಿ, ಪಾಸ್‌ವರ್ಡ್ ಗೊತ್ತಿಲ್ಲದವರೂ ಒಳಗೆ ಬರಬಹುದಿತ್ತು.

ಗಿರಾಕಿಗಳ ಹೆಸರು ಹಳೇ ನುಡಿ ಫಾಂಟಿನಲ್ಲಿದ್ದರೆ ಆ ಫಾಂಟನ್ನು ಸರ್ವರ್‌ನಲ್ಲೂ ಹಾಕಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರದ ಗೋಜಲು ಕಾಣುತ್ತೆ. ಬಿಲ್ ಇಳಕಲ್‌ನ ಪ್ರಿಂಟರಿನಲ್ಲೇ ಬರುತ್ತೆ, ಡಾಟ್ ಮ್ಯಾಟ್ರಿಕ್ಸ್ ಇದ್ದರೆ ಮಾತ್ರ ಒಂದು ದಿನ ಮೊದಲೇ ಹೊಡೆದು ನೋಡಿ.

ಸರ್ವರ್‌ಗೆ ಒಳ್ಳೇ ಯುಪಿಎಸ್ ಕೊಡಿಸಿ. ಅದಕ್ಕೆ ಕರೆಂಟು ಹೋದರೆ ಎರಡೂ ಕಡೆ ಕೆಲಸ ನಿಲ್ಲುತ್ತೆ. ಸಂಜೆ ಎಲ್ಲರೂ ಬರೀ ಕಿಟಕಿ ಮುಚ್ಚಿ ಹೋಗದೆ ಲಾಗ್ ಆಫ್ ಮಾಡಲಿ, ಬ್ಯಾಕಪ್ ತೆಗೆಯುವಾಗ ಫೈಲ್ ಯಾರ ಕೈಯಲ್ಲೂ ತೆರೆದಿರಬಾರದು. ಅದರ ಪಕ್ಕದ ಲಾಕ್ ಫೈಲ್ ಮಾಯವಾಗಿದ್ದರೆ ಎಲ್ಲರೂ ಹೊರಗಿದ್ದಾರೆ ಅಂತ ಅರ್ಥ.

ಇಳಕಲ್‌ನಲ್ಲಿ ಎಷ್ಟು ಜನ ಒಟ್ಟಿಗೆ ಕೂರುತ್ತಾರೆ, ಫೈಲ್ ಈಗ ಎಷ್ಟು ದೊಡ್ಡದಿದೆ? ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ ಇದೆ, ಅದರ ಹತ್ತಿರ ಬಂದಿದ್ದರೆ ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್ ಅನ್ನುವ ದೊಡ್ಡ ಡೇಟಾಬೇಸ್ ಸಾಫ್ಟ್‌ವೇರಿಗೆ ಸಾಗಿಸೋದನ್ನು ಮೊದಲು ನೋಡಬೇಕು. ಎರಡೂ ತಿಳಿಸಿ, ಎಷ್ಟು ರ್‍ಯಾಮ್ ಬೇಕು ಅಂತ ಹೇಳ್ತೀನಿ.