ನಾಯಿ, ಬೆಕ್ಕು ಇರುವ ಮನೆಯ ಹಿತ್ತಲಿಗೆ ನಾಲ್ಕು ಕೋಳಿ

ಬಾಡಿಗೆ ಮನೆ, ಹಿಂದೆ ಒಂದಿಷ್ಟು ಹಿತ್ತಲು, ಆಗಲೇ ಒಂದು ನಾಯಿ, ಒಂದು ಬೆಕ್ಕು. ಈಗ ಮಕ್ಕಳು ಕೋಳಿ ಬೇಕು ಅಂತ ಹಟ ಹಿಡಿದಿದ್ದಾರೆ, ಹೊಸ ದೇಶದಲ್ಲಿ ಇದೆಲ್ಲ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಕೋಳಿ ಸಾಕುವುದು ಕಷ್ಟದ ಕೆಲಸವೇನಲ್ಲ. ಆದರೆ ಮೂರು ಜಾತಿಯ ಪ್ರಾಣಿ ಒಂದೇ ಹಿತ್ತಲಲ್ಲಿದ್ದಾಗ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಅದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಕೆಳಗೆ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

ಮೊದಲು ಕಾಗದಪತ್ರ. ಬಾಡಿಗೆ ಕರಾರಿನಲ್ಲಿ ಸಾಕುಪ್ರಾಣಿಗೆ ಒಪ್ಪಿಗೆ ಇದ್ದರೆ ಕೋಳಿಗೂ ಇದೆ ಅಂದುಕೊಳ್ಳಬೇಡಿ. ಮನೆ ಮಾಲೀಕರಿಂದ ಬೇರೆಯಾಗಿ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ನಾಲ್ಕು ವಿಷಯ ಕೇಳಿ: ಎಷ್ಟು ಕೋಳಿ ಇಡಬಹುದು, ಪಕ್ಕದ ಮನೆಯಿಂದ ಗೂಡು ಎಷ್ಟು ದೂರ ಇರಬೇಕು, ಹಕ್ಕಿಗಳ ನೋಂದಣಿ ಬೇಕಾ, ಅಡುಗೆಮನೆಯಲ್ಲಿ ಉಳಿದದ್ದನ್ನು ಹಾಕಬಹುದಾ. ಕೊನೆಯದಕ್ಕೆ ಕೆಲವು ದೇಶಗಳಲ್ಲಿ ಕಾನೂನಿನ ಅಡ್ಡಿಯೇ ಇದೆ. ಹುಂಜವನ್ನು ಮರೆತುಬಿಡಿ. ಊರಿನೊಳಗೆ ಹೆಚ್ಚಿನ ಕಡೆ ಬಿಡುವುದಿಲ್ಲ, ಮೊಟ್ಟೆಗೆ ಅದರ ಅಗತ್ಯವೂ ಇಲ್ಲ. ಇದೇ ಓಡಾಟದಲ್ಲಿ ನಾಯಿ, ಬೆಕ್ಕಿನ ಚರ್ಮದಡಿ ಇಟ್ಟಿರುವ ಗುರುತಿನ ಮೈಕ್ರೋಚಿಪ್ಪಿನ ವಿಳಾಸವನ್ನೂ ಸರಿಮಾಡಿಸಿ. ಚಿಪ್ಪಿನಲ್ಲಿ ಇರುವುದು ಬರೀ ಒಂದು ಸಂಖ್ಯೆ, ಸಾಮಾನ್ಯವಾಗಿ 15 ಅಂಕಿಯದು. ಅದು ನೀವು ಈಗಿರುವ ದೇಶದ ದಾಖಲೆಯಲ್ಲಿ ಹೊಸ ಫೋನ್ ನಂಬರಿನ ಜೊತೆ ಸೇರದಿದ್ದರೆ, ತಪ್ಪಿಸಿಕೊಂಡ ನಾಯಿ ಸಿಕ್ಕರೂ ಸಿಕ್ಕವರು ನಿಮ್ಮನ್ನು ಹುಡುಕಲಾರರು.

ಇನ್ನು ಗೂಡು. ಒಳಗೆ ಕೋಳಿಯೊಂದಕ್ಕೆ 4 ಚದರ ಅಡಿ, ಹೊರಗೆ ಬೇಲಿಯೊಳಗೆ ಓಡಾಡಲು 10 ಚದರ ಅಡಿ ಬೇಕು. ಸಿದ್ಧ ಗೂಡಿನ ಡಬ್ಬದ ಮೇಲೆ ಬರೆದ ಕೋಳಿ ಲೆಕ್ಕ ನಂಬಬೇಡಿ, ಟೇಪು ಹಿಡಿದು ಅಳೆಯಿರಿ. ಜಾಗ ಸಾಲದಿದ್ದರೆ ಒಂದರ ಗರಿಯನ್ನು ಇನ್ನೊಂದು ಕಿತ್ತು ಗಾಯ ಮಾಡುತ್ತದೆ. ಆರು ಮೂಲೆಯ ಕಣ್ಣಿರುವ ತೆಳು ತಂತಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ನರಿಯೋ ನಾಯಿಯೋ ಅದನ್ನು ಹರಿದು ಹಾಕುತ್ತದೆ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ತಂದು, ಸ್ಕ್ರೂ ಮತ್ತು ವಾಷರ್ ಹಾಕಿ ಬಿಗಿಯಿರಿ. ಅದೇ ಜಾಲರಿಯನ್ನು ಬೇಲಿಯ ಬುಡದಿಂದ ಹೊರಕ್ಕೆ 2 ಅಡಿ ನೆಲದ ಮೇಲೆ ಹಾಸಿ ಗೂಟ ಹೊಡೆಯಿರಿ. ತೋಡುವ ಪ್ರಾಣಿ ಬುಡದಲ್ಲೇ ಶುರು ಮಾಡುವುದರಿಂದ ಅದಕ್ಕೆ ಮೊದಲು ಸಿಗುವುದು ತಂತಿ. ಹಳೆಯ ಮನೆಯ ಗೋಡೆಯ ಬುಡದಲ್ಲಿ ಮಾತ್ರ ಗೂಡು ಬೇಡ. ಹಳೆಯ ಬಣ್ಣದ ಸೀಸ ಉದುರಿ ಮಣ್ಣು ಸೇರಿರಬಹುದು. ಕೋಳಿ ಆ ಮಣ್ಣು ಕೆದಕಿ ತಿಂದರೆ ಸೀಸ ಮೊಟ್ಟೆಗೂ ಬರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿಯೇ ಜಾಗ ಆರಿಸಿ.

ಚಳಿ ದೇಶಕ್ಕೆ ಹೊಸಬರಾದವರು ಗೂಡಿನ ಸಂದುಗೊಂದು ಮುಚ್ಚಿ ಬೆಚ್ಚಗೆ ಮಾಡಲು ಹೋಗುತ್ತಾರೆ. ಒಣ ಚಳಿಯನ್ನು ದೊಡ್ಡ ಕೋಳಿ ಗರಿ ಉಬ್ಬಿಸಿಕೊಂಡು ತಡೆಯುತ್ತದೆ. ಉಸಿರು ಮತ್ತು ಹಿಕ್ಕೆಯ ತೇವ ಹೊರಗೆ ಹೋಗದೆ ಜುಟ್ಟಿನ ಮೇಲೆ ಕೂತಾಗ ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಕೋಳಿ ಮಲಗುವ ಅಡ್ಡಪಟ್ಟಿಗಿಂತ ಮೇಲೆ, ಸೂರಿನ ಹತ್ತಿರ ಎರಡೂ ಕಡೆ ಗಾಳಿಕಿಂಡಿ ಬಿಟ್ಟು ಅವಕ್ಕೂ ಜಾಲರಿ ಹೊಡೆಯಿರಿ. ಬೆಳಿಗ್ಗೆ ಬಾಗಿಲು ತೆರೆದು ಕೋಳಿಯ ಎತ್ತರಕ್ಕೆ ಬಗ್ಗಿ ನೋಡಿ: ಕಣ್ಣು ಉರಿದರೆ, ಒಳಗೋಡೆ ಒದ್ದೆಯಾಗಿದ್ದರೆ ಕಿಂಡಿ ಸಾಲದು. ಶಾಖದ ಬಲ್ಬು ತೂಗುಹಾಕಬೇಡಿ, ನೆಲಕ್ಕೆ ಹಾಸಿದ ಒಣ ಹೊಟ್ಟಿನ ಮೇಲೆ ಬಿದ್ದರೆ ಗೂಡೇ ಸುಡುತ್ತದೆ. ಅಡ್ಡಪಟ್ಟಿ ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ.

ಒಂದು ಕೋಳಿ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ತಿನ್ನುತ್ತದೆ, ನಾಲ್ಕಕ್ಕೆ 20 ಕಿಲೋ ಚೀಲ ಹೆಚ್ಚುಕಡಿಮೆ 40 ದಿನ ಬರುತ್ತದೆ. ಮೊಟ್ಟೆ ಕೋಳಿಯ ಆಹಾರ ಮರಿಗೆ ಹಾಕಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಹಗಲು ಕುಗ್ಗಿದಾಗ, ಗರಿ ಉದುರಿಸುವಾಗ ಮೊಟ್ಟೆ ನಿಲ್ಲುವುದು ಸಹಜ.

ಈಗ ಮುಖ್ಯ ವಿಷಯ. ಕೋಳಿನುಸಿಗೆ ಹಾಕುವ ಕೆಲವು ಪುಡಿ, ನಾಯಿಯ ಚಿಗಟಕ್ಕೆ ಹಚ್ಚುವ ಕೆಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸುವ ಶಕ್ತಿ ತೀರಾ ಕಡಿಮೆ. ಹಚ್ಚಿದ ನಾಯಿಯ ಮೈಗೆ ಬೆಕ್ಕು ಒರಗಿ ಮಲಗಿದರೂ ನಡುಕ, ಫಿಟ್ಸ್ ಬಂದು ಸಾಯಬಹುದು. ಲೇಬಲ್ಲಿನಲ್ಲಿ ಆ ಹೆಸರು ಕಂಡರೆ ಬೆಕ್ಕಿರುವ ಮನೆಗೆ ತರಬೇಡಿ, ವೈದ್ಯರ ಹತ್ತಿರ ಬೇರೆ ಮದ್ದು ಕೇಳಿ. ಕೋಳಿಗೆ ಯಾವುದೇ ಮದ್ದು ಕೊಟ್ಟರೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿ ಗೋಡೆಗೆ ಬರೆದು ಅಂಟಿಸಿ.

ಚೆಲ್ಲಿದ ಕಾಳಿಗೆ ಇಲಿ ಬಂದೇ ಬರುತ್ತದೆ. ಆಗ ಪಾಷಾಣ ಇಟ್ಟರೆ, ಅದನ್ನು ತಿಂದು ಸತ್ತ ಇಲಿಯನ್ನು ತಿನ್ನುವುದು ನಿಮ್ಮ ನಾಯಿ ಅಥವಾ ಬೆಕ್ಕು. ಕೋಳಿಯೂ ಇಲಿಮರಿ ನುಂಗುತ್ತದೆ. ಆಹಾರವನ್ನು ಮುಚ್ಚಳದ ತಗಡಿನ ಡಬ್ಬದಲ್ಲಿಡಿ, ರಾತ್ರಿ ತಟ್ಟೆ ಒಳಗೆ ತನ್ನಿ, ಬೇಕಾದರೆ ಪೆಟ್ಟಿಗೆಯೊಳಗಿನ ಬೋನು ಹಾಕಿ. ಬಸವನಹುಳು ಕೊಲ್ಲಲು ತೋಟಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯೂ ಹೀಗೆಯೇ, ನಾಯಿ ಕೋಳಿ ಎರಡಕ್ಕೂ ವಿಷ. ಹಕ್ಕಿಜ್ವರದ ಎಚ್ಚರಿಕೆ ಇರುವ ಕಾಲದಲ್ಲಿ ಸತ್ತ ಕಾಡುಹಕ್ಕಿಯನ್ನು ಬೆಕ್ಕು ಮುಟ್ಟದಂತೆ ನೋಡಿಕೊಳ್ಳಿ, ಆ ಸೋಂಕು ಬೆಕ್ಕಿಗೂ ಬರುತ್ತದೆ.

ನಾಯಿಯನ್ನು ಒಗ್ಗಿಸಲು ಅವಸರ ಮಾಡಬೇಡಿ. ಮೊದಲ ಎರಡು ಮೂರು ವಾರ ಜಾಲರಿಯ ಹೊರಗೆ, ಹಗ್ಗ ಕಟ್ಟಿಯೇ ಇರಲಿ. ಕೋಳಿಯನ್ನು ನೋಡುವುದು ಬಿಟ್ಟು ನಿಮ್ಮ ಕಡೆ ತಿರುಗಿದ ಕ್ಷಣಕ್ಕೇ ತಿಂಡಿ ಕೊಡಿ. ಕೋಳಿ ರೆಕ್ಕೆ ಬಡಿದಾಗ ಸಾಧು ನಾಯಿಗೂ ಬೇಟೆಯ ಬುದ್ಧಿ ಕೆರಳುತ್ತದೆ, ಆದ್ದರಿಂದ ಎಷ್ಟು ಒಗ್ಗಿದರೂ ಅವೆರಡನ್ನೇ ಬಿಟ್ಟು ಒಳಗೆ ಹೋಗಬೇಡಿ. ಬೆಕ್ಕಿನ ಕಣ್ಣು ಸಾಮಾನ್ಯವಾಗಿ ಮರಿಗಳ ಮೇಲೆ, ದೊಡ್ಡ ಕೋಳಿಯ ತಂಟೆಗೆ ಹೋಗುವುದು ಅಪರೂಪ.

ಆರೋಗ್ಯವಾಗಿ ಕಾಣುವ ಕೋಳಿಯಿಂದಲೂ ವಾಂತಿ ಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡುತ್ತದೆ. ಗೂಡಿಗೆ ಹೋಗಲು ಬೇರೆ ಚಪ್ಪಲಿ ಇಡಿ, ಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೋಳಿ ಕೊಡಬೇಡಿ.

ಕೋಳಿ ತರುವ ಮೊದಲು ಸುತ್ತಲಿನ ಪಶುವೈದ್ಯರಿಗೆಲ್ಲ ಫೋನ್ ಮಾಡಿ ಕೋಳಿ ನೋಡುತ್ತೀರಾ ಅಂತ ಕೇಳಿಬಿಡಿ. ನಾಯಿ, ಬೆಕ್ಕು ನೋಡುವವರಲ್ಲಿ ಅನೇಕರು ಕೋಳಿ ನೋಡುವುದಿಲ್ಲ. ರಜೆಗೆ ಹೋದಾಗ ಸಂಜೆ ಕತ್ತಲಾಗುವ ಮುಂಚೆ ಬಂದು ತಲೆ ಎಣಿಸಿ ಬಾಗಿಲು ಹಾಕುವವರು ಒಬ್ಬರು, ಅವರಿಗೆ ಆಗದಿದ್ದರೆ ಇನ್ನೊಬ್ಬರು, ಇಬ್ಬರ ಹೆಸರನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ. ಚೆನ್ನಾಗಿ ಮೊಟ್ಟೆ ಇಡುವುದು ಎರಡು ಮೂರು ವರ್ಷ, ಬದುಕುವುದು ಆರು ಎಂಟು ವರ್ಷ. ಮೊಟ್ಟೆ ನಿಂತ ಮೇಲೂ ಸಾಕುತ್ತೀರಾ ಎಂಬುದನ್ನು ಮಕ್ಕಳು ಅವಕ್ಕೆ ಹೆಸರಿಡುವ ಮೊದಲೇ ಕೂತು ಮಾತಾಡಿ.