ಹಕ್ಕಳೆ ಉದುರುವ ತನಕ ಕಾಯಬೇಕಿತ್ತೇ?

ಶಿವಮೊಗ್ಗದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಸಂಕಟವಾಯಿತು. ಕುದಿಯುವ ಸಾರು ಬಿದ್ದು ಮೊಮ್ಮಗಳ ಕೈ ಸುಟ್ಟಿದೆ. ನಾಲ್ಕನೇ ದಿನವೇ ಡಾಕ್ಟರು ಸುಟ್ಟ ಚರ್ಮ ಹೆರೆದು, ತೊಡೆಯ ಚರ್ಮ ತೆಗೆದು ಅಲ್ಲಿ ಹಾಕಿದ್ದಾರೆ. "ಹಕ್ಕಳೆ ತಾನಾಗಿ ಉದುರುವ ತನಕ ಕಾಯಬಾರದಿತ್ತಾ, ಎಳೆ ಮಗುವಿಗೆ ಇಷ್ಟು ಅವಸರ ಯಾಕೆ?" ಎಂದು ಕೇಳಿದ್ದೀರಿ.

ಹಿಂದೆ ಹಾಗೇ ಕಾಯುತ್ತಿದ್ದರು. ಆಳವಾಗಿ ಸುಟ್ಟ ಚರ್ಮ ಕಳಚಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಅದರಡಿ ಕೀವು ತುಂಬಿ ನಂಜು ರಕ್ತಕ್ಕೇ ಸೇರುತ್ತಿತ್ತು. ಎಷ್ಟೋ ಮಕ್ಕಳು ಉಳಿಯಲಿಲ್ಲ. ಉಳಿದವರ ಬೆರಳು ಮಡಚಿಕೊಂಡೇ ಅಂಟಿಹೋಗುತ್ತಿದ್ದವು.

ಇದನ್ನು ಬದಲಿಸಿದವರು ಜೋರಾ ಯಾನ್ಜೆಕೊವಿಚ್. 1918ರಲ್ಲಿ ಈಗಿನ ಸ್ಲೊವೇನಿಯಾದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಸರ್ಜನ್. ಅದು ಯುಗೊಸ್ಲಾವಿಯಾದ ಭಾಗವಾಗಿದ್ದಾಗ, ಮಾರಿಬೊರ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ರಾಜಧಾನಿಯೂ ಅಲ್ಲ, ಹೆಸರುವಾಸಿ ಊರೂ ಅಲ್ಲ.

ಅವರು ಕಾಯಲಿಲ್ಲ. ಸುಟ್ಟ ಮೂರರಿಂದ ಐದು ದಿನದೊಳಗೆ ಚೂಪಾದ ಚಾಕು ಹಿಡಿದು, ಕೊಬ್ಬರಿಯ ಕಂದು ಸಿಪ್ಪೆ ಹೆರೆದಂತೆ, ಸತ್ತ ಚರ್ಮವನ್ನು ತೆಳ್ಳಗೆ ಪದರ ಪದರವಾಗಿ ತೆಗೆದರು. ಸಣ್ಣ ಸಣ್ಣ ಚುಕ್ಕಿಯಾಗಿ ರಕ್ತ ಜಿನುಗಿದ ಕೂಡಲೇ ಚಾಕು ನಿಲ್ಲಬೇಕು. ಅಲ್ಲಿಂದ ಕೆಳಗಿನ ಚರ್ಮಕ್ಕೆ ಇನ್ನೂ ಜೀವವಿದೆ. ಅದನ್ನು ಉಳಿಸಿಕೊಂಡು, ತಡಮಾಡದೆ ಹೊಸ ಚರ್ಮ ಹೊದಿಸಿದರೆ ಕೀವಿಗೆ ಜಾಗವೇ ಇಲ್ಲ. ಕೇಳಲು ಎಷ್ಟು ಸರಳ, ಅಲ್ವಾ? ಆದರೆ ಎಲ್ಲರೂ ಕಾಯುತ್ತಿದ್ದ ಕಾಲದಲ್ಲಿ ಸುಟ್ಟ ಮಗುವಿನ ಮೈಗೆ ಚಾಕು ಹಚ್ಚಲು ಎಂಥ ಧೈರ್ಯ ಬೇಕು, ಯೋಚಿಸಿ. 1970ರಲ್ಲಿ ಅಮೆರಿಕದ 'ಜರ್ನಲ್ ಆಫ್ ಟ್ರಾಮಾ'ದಲ್ಲಿ ಅವರ ಲೇಖನ ಬಂತು. ಈ ಕೆಲಸ ಕಣ್ಣಾರೆ ನೋಡಲು ಬೇರೆ ದೇಶಗಳ ಸರ್ಜನ್‌ಗಳು ಮಾರಿಬೊರ್‌ಗೇ ಹೋದರು. ಜೋರಾ 2015ರಲ್ಲಿ ತೀರಿಕೊಂಡರು. ಇಂಥವರ ಹೆಸರು ನಮ್ಮ ಮನೆಗಳಿಗೆ ತಲುಪಲೇ ಇಲ್ಲವಲ್ಲ ಎಂದು ನನಗೆ ಬೇಸರ.

ಎಲ್ಲ ಸುಟ್ಟ ಗಾಯಕ್ಕೂ ಇದು ಬೇಕಿಲ್ಲ. ಮೇಲ್ಮೇಲೆ ಸುಟ್ಟದ್ದು ಎರಡು ವಾರದಲ್ಲಿ ತಾನೇ ಮಾಯುತ್ತದೆ. ಆಳ ಎಷ್ಟು ಎಂದು ನೋಡಿ ಹೇಳುವುದು ಡಾಕ್ಟರ ಕೆಲಸ. ನಿಮ್ಮ ಡಾಕ್ಟರು ಅವಸರ ಮಾಡಿದರು ಎಂದು ನನಗನ್ನಿಸುವುದಿಲ್ಲ. ತೊಡೆಯ ಗಾಯಕ್ಕೂ ಹೆದರಬೇಡಿ. ಅಲ್ಲಿ ತೆಗೆದದ್ದು ತೆಳುವಾದ ಪದರ, ಮತ್ತೆ ಬೆಳೆಯುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಕೈ ಮಡಚಿ ಬಿಚ್ಚುವ ವ್ಯಾಯಾಮ ಹೇಳಿಕೊಟ್ಟಿರುತ್ತಾರೆ. ಮಗು ಅಳುತ್ತಾಳೆ ಅಂತ ಅದನ್ನು ಬಿಟ್ಟರೆ ಹೊಸ ಚರ್ಮವೂ ಬಿಗಿಯುತ್ತದೆ. ಅವಳು ಆ ಕೈಯಲ್ಲಿ ಬಳಪ ಹಿಡಿದ ದಿನ ನಮಗೊಂದು ಕಾಗದ ಹಾಕಿ.

– ಸಂಪಾದಕ